ಸ್ವಂತ ಸಿನಿಮಾ ಮಾಡುವವರಿಗೆ ದುಡ್ಡು ಬರುವ ದಾರಿ, ಸೋರುವ ದಾರಿ

ಗಾಂಧಿನಗರದ ವಿತರಕರು ಕರ್ನಾಟಕವನ್ನು ಜಿಲ್ಲೆಗಳ ಲೆಕ್ಕದಲ್ಲಿ ನೋಡುವುದಿಲ್ಲ, ಏರಿಯಾಗಳ ಲೆಕ್ಕದಲ್ಲಿ ನೋಡುತ್ತಾರೆ. ಅದರಲ್ಲಿ ತೂಕ ಜಾಸ್ತಿ ಇರುವ ಏರಿಯಾ ಬಿಕೆಟಿ. ಅಂದರೆ ಬೆಂಗಳೂರು, ಕೋಲಾರ, ತುಮಕೂರು. 2007ರಲ್ಲಿ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಸ್ವಂತ ಜಿಲ್ಲೆಯಾಯಿತು. ಆದರೆ ಸಿನಿಮಾ ವ್ಯಾಪಾರದಲ್ಲಿ ಅದು ಇವತ್ತಿಗೂ ಕೋಲಾರದ ಜೊತೆಯಲ್ಲೇ ಇದೆ. ಹಾಗಾಗಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರು ಜಿಲ್ಲೆಗಳ ಸಿನಿಮಾ ನಸೀಬು ಬೆಂಗಳೂರಿಗೆ ಗಂಟುಬಿದ್ದಿದೆ.

ಈ ಭಾಗದಲ್ಲಿ ಸಿನಿಮಾ ಮಾಡಲು ಹೊರಟ ಹುಡುಗ ಹುಡುಗಿಯರು ಬೇಕಾದಷ್ಟು ಜನ. ತುಮಕೂರಿನ ಕಾಲೇಜಿನಲ್ಲಿ ಕಿರುಚಿತ್ರ ಮಾಡಿದವರು, ಚಿಂತಾಮಣಿಯಲ್ಲಿ ಮದುವೆ ಶೂಟ್ ಮಾಡುತ್ತಲೇ ಕ್ಯಾಮೆರಾ ಕಲಿತವರು, ಹೆಸರಘಟ್ಟದ ಸರ್ಕಾರಿ ಸಂಸ್ಥೆಯಲ್ಲಿ ಓದಿ ಬಂದವರು. ಕಥೆ ಬರೆಯುವುದು ಹೇಗೆ, ಶಾಟ್ ಇಡುವುದು ಹೇಗೆ ಅಂತ ಅವರಿಗೆ ಹೇಳಿಕೊಡುವವರು ಸಿಗುತ್ತಾರೆ. ದುಡ್ಡು ಯಾವಾಗ ಬರುತ್ತದೆ, ಎಲ್ಲೆಲ್ಲಿ ಸೋರಿ ಎಷ್ಟು ಉಳಿಯುತ್ತದೆ ಅಂತ ಬಿಡಿಸಿ ಹೇಳುವವರು ಕಡಿಮೆ. ನನ್ನ ಪ್ರಕಾರ ನಿರ್ಮಾಣ, ನಿರ್ದೇಶನ ಎರಡನ್ನೂ ತಲೆ ಮೇಲೆ ಹೊತ್ತವರ ವೃತ್ತಿ ನಿಲ್ಲುವುದೂ ಬೀಳುವುದೂ ಇಲ್ಲೇ. ಮೊದಲ ಸಿನಿಮಾ ಹೇಗೋ ಆಗಿಬಿಡುತ್ತದೆ. ಎರಡನೆಯದನ್ನು ಮಾಡುವ ತನಕ ಉಳಿದಿರುವುದೇ ಕಷ್ಟ.

ಒಬ್ಬರೇ ಮನುಷ್ಯ, ಎರಡು ಕೆಲಸ

ನಿರ್ದೇಶಕ ಅಂದರೆ ಕಥೆಯನ್ನು ತೆರೆಗೆ ತರುವವನು. ನಿರ್ಮಾಪಕ ಅಂದರೆ ದುಡ್ಡು ಹಾಕುವವನು ಅಂತ ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಅದು ಅರ್ಧ ಮಾತ್ರ ನಿಜ. ದುಡ್ಡು ಹೊಂದಿಸುವುದು, ಒಪ್ಪಂದ ಮಾಡುವುದು, ಅನುಮತಿ ತರುವುದು, ಸೆನ್ಸಾರ್‌ಗೆ ಅರ್ಜಿ ಹಾಕುವುದು, ಸಿನಿಮಾವನ್ನು ಮಾರುವುದು, ಬಂದದ್ದನ್ನು ಹಂಚುವುದು, ಎಲ್ಲವೂ ನಿರ್ಮಾಪಕರ ಕೆಲಸ. ಎಲ್ಲಕ್ಕಿಂತ ಮುಖ್ಯವಾಗಿ, 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಿನಿಮಾದ ಕರ್ತೃ ಅಂತ ಬರೆದಿರುವುದು ನಿರ್ಮಾಪಕರನ್ನು, ನಿರ್ದೇಶಕರನ್ನಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ ಸಿನಿಮಾದ ಮೊದಲ ಒಡೆತನ ಅವರದೇ. ಆ ಹಕ್ಕು ಸಿನಿಮಾ ಹೊರಬಂದ ಮೇಲೆ 60 ವರ್ಷ ಇರುತ್ತದೆ.

ಹಾಗಾಗಿ ಬೇರೆಯವರ ಬ್ಯಾನರ್‌ನಲ್ಲಿ, ಅಂದರೆ ನಿರ್ಮಾಣ ಸಂಸ್ಥೆಯಲ್ಲಿ, ನಿರ್ದೇಶನ ಮಾಡಿದವರಿಗೆ ಸಂಭಾವನೆ ಸಿಗುತ್ತದೆ, ಹೆಸರು ಸಿಗುತ್ತದೆ. ಹತ್ತು ವರ್ಷ ಬಿಟ್ಟು ಆ ಸಿನಿಮಾ ಟಿವಿಯಲ್ಲೋ ಮೊಬೈಲಿನಲ್ಲೋ ಓಡಿದರೆ ಬರುವ ದುಡ್ಡು ಅವರದಲ್ಲ. ಸ್ವಂತ ನಿರ್ಮಾಣಕ್ಕೆ ಇಳಿಯುವವರು ‘ನನಗೆ ಯಾರೂ ಅವಕಾಶ ಕೊಡಲಿಲ್ಲ’ ಅಂತ ಇಳಿಯುವುದೇ ಹೆಚ್ಚು. ಒಡೆತನ ಕೈಯಲ್ಲಿ ಇರುತ್ತದೆ ಅನ್ನುವುದು ಅದಕ್ಕಿಂತ ಗಟ್ಟಿ ಕಾರಣ.

ಇದೇನೂ ಹೊಸ ದಾರಿಯಲ್ಲ. ಗುಬ್ಬಿ ವೀರಣ್ಣನವರು ನಾಟಕ ಕಂಪನಿ ನಡೆಸುತ್ತಲೇ ಸಿನಿಮಾ ನಿರ್ಮಾಣಕ್ಕೂ ಕೈ ಹಾಕಿದವರು. ರಾಜ್‌ಕುಮಾರ್ ನಾಯಕರಾಗಿ ಬಂದ 1954ರ ‘ಬೇಡರ ಕಣ್ಣಪ್ಪ’ದ ಹಿಂದೆ ಗುಬ್ಬಿ ಬ್ಯಾನರ್ ಇತ್ತು. 1970ರ ‘ಸಂಸ್ಕಾರ’ವನ್ನು ಪಟ್ಟಾಭಿರಾಮ ರೆಡ್ಡಿ ತಾವೇ ನಿರ್ಮಿಸಿ ನಿರ್ದೇಶಿಸಿದರು. ಅದಕ್ಕೆ ಮದ್ರಾಸಿನಲ್ಲಿ ಸೆನ್ಸಾರ್ ತಡೆ ಬಂತು. ತಡೆ ತೆರವಾದ ಮೇಲೆ ರಾಷ್ಟ್ರ ಮಟ್ಟದಲ್ಲಿ ಅತ್ಯುತ್ತಮ ಚಿತ್ರ ಅನ್ನಿಸಿಕೊಂಡಿತು.

ಮೊದಲ ದುಡ್ಡು

ಸಣ್ಣ ಸಿನಿಮಾಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ಫೈನಾನ್ಸಿಯರ್ ಹತ್ತಿರ ಹೋದರೆ ಸಾಲ ಸಿಗಬಹುದು, ಬಡ್ಡಿಯ ಮೀಟರ್ ಮಾತ್ರ ಅವತ್ತಿಂದಲೇ ಓಡಲು ಶುರು. ಸಿನಿಮಾದ ಹಕ್ಕನ್ನೇ ಅಡ ಇಡಬೇಕಾಗಬಹುದು. ಬಿಡುಗಡೆ ತಡವಾದಷ್ಟೂ ಬಡ್ಡಿ ಬೆಳೆಯುತ್ತದೆ. ಮನೆ, ಸೈಟು, ಅಮ್ಮನ ಒಡವೆ ಇಟ್ಟು ಸಿನಿಮಾ ಮಾಡಿದ ಕಥೆಗಳನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ದಯವಿಟ್ಟು ಅದನ್ನು ಮಾದರಿ ಅಂತ ತಗೋಬೇಡಿ. ಗೆದ್ದವರ ಕಥೆ ಮಾತ್ರ ನಮ್ಮ ಕಿವಿಗೆ ಬೀಳುತ್ತದೆ.

ಇನ್ನೊಂದು ದಾರಿ ಜನರಿಂದ ಸಂಗ್ರಹಿಸುವುದು. ನಿರ್ದೇಶಕ ಪವನ್ ಕುಮಾರ್ 2013ರಲ್ಲಿ ಬಂದ ‘ಲೂಸಿಯಾ’ಗೆ ನೂರಕ್ಕೂ ಹೆಚ್ಚು ಜನರಿಂದ ಸುಮಾರು 50 ಲಕ್ಷ ರೂಪಾಯಿ ಸೇರಿಸಿದರು. ಪ್ರೇಕ್ಷಕರೇ ಹೂಡಿಕೆದಾರರಾದರು. ಅದನ್ನು ನೋಡಿ ತುಂಬಾ ಜನ ಅದೇ ದಾರಿ ಹಿಡಿದರು. ಆದರೆ ಪವನ್ ಅವರಿಗೆ ಅದಕ್ಕೂ ಮೊದಲು ಒಂದು ಸಿನಿಮಾ ನಿರ್ದೇಶಿಸಿದ ಹೆಸರಿತ್ತು, ಅವರ ಬರವಣಿಗೆಯನ್ನು ನಂಬಿ ಓದುವ ಜನರಿದ್ದರು. ನಂಬಿಕೆ ಮೊದಲು ಬರಬೇಕು, ದುಡ್ಡು ಅದರ ಹಿಂದೆ.

ಹತ್ತು ಜನ ಗೆಳೆಯರು, ಸಂಬಂಧಿಕರು ಸೇರಿ ಹಾಕುವ ದುಡ್ಡಾದರೆ ಒಂದು ವಿಷಯವನ್ನು ಪೇಪರ್ ಮೇಲೆ ಬರೆದೇ ಮುಂದೆ ಹೋಗಬೇಕು: ದುಡ್ಡು ಬಂದಾಗ ಯಾರಿಗೆ ಮೊದಲು? ಸಾಮಾನ್ಯವಾಗಿ ಹೂಡಿಕೆದಾರರ ಅಸಲು ಮೊದಲು ವಾಪಸ್. ಆಮೇಲೆ ‘ಈಗ ಬೇಡ, ಬಂದಾಗ ಕೊಡಿ’ ಅಂತ ಸಂಬಳ ಬಿಟ್ಟುಕೊಟ್ಟ ಕಲಾವಿದರಿಗೆ, ತಂತ್ರಜ್ಞರಿಗೆ. ಉಳಿದರೆ ಲಾಭದ ಹಂಚಿಕೆ. ‘ನಮ್ಮವರೇ ಅಲ್ವಾ, ಬರೆದುಕೊಳ್ಳೋದು ಏನಿದೆ’ ಅನ್ನುವ ಮಾತಿನಿಂದಲೇ ಎಷ್ಟೋ ಗೆಳೆತನ ಕೆಟ್ಟಿದೆ.

ಸರ್ಕಾರದ ಸಹಾಯಧನವೂ ಇದೆ. ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಗುಣಾತ್ಮಕ ಕನ್ನಡ ಚಿತ್ರಗಳನ್ನು ಸಮಿತಿಯ ಮೂಲಕ ಆರಿಸಿ ಸಹಾಯಧನ ಕೊಡುತ್ತದೆ. ಸಾಮಾನ್ಯ ಚಿತ್ರಕ್ಕೆ ಅದು 10 ಲಕ್ಷ ರೂಪಾಯಿ. ಇದು ನಿಜಕ್ಕೂ ದೊಡ್ಡ ಆಸರೆ. ಆದರೆ ಇದು ಸಿನಿಮಾ ಮುಗಿದ ಮೇಲೆ ಸಿಗುವ ದುಡ್ಡು. ಅರ್ಜಿ, ಸಮಿತಿ ನೋಡುವುದು, ಪಟ್ಟಿ, ಮಂಜೂರಾತಿ ಎಲ್ಲ ಮುಗಿಯಲು ವರ್ಷಗಟ್ಟಲೆ ಹಿಡಿಯುತ್ತದೆ. ಹಾಗಾಗಿ ‘ಹೇಗೂ ಸಬ್ಸಿಡಿ ಬರುತ್ತಲ್ಲ’ ಅಂತ ಅದನ್ನೇ ನಂಬಿ ಬಡ್ಡಿಗೆ ತರುವುದು ಅಪಾಯ.

ಆವಣಿಯಲ್ಲಿ ಒಂದು ದಿನ

ಈಗ ಒಂದು ಲೆಕ್ಕ ಹಾಕೋಣ. ಅಂಕಿಗಳು ಅರ್ಥವಾಗಲಿ ಅಂತ ನಾನೇ ಊಹಿಸಿಕೊಂಡವು, ಯಾವ ಸಿನಿಮಾದ್ದೂ ಅಲ್ಲ. ಮುಳಬಾಗಿಲು ತಾಲ್ಲೂಕಿನ ಆವಣಿ ಸುತ್ತಮುತ್ತ ಒಂದು ಹಳ್ಳಿ ಕಥೆ ಶೂಟಿಂಗ್ ಅಂದುಕೊಳ್ಳಿ. 40 ಜನರ ತಂಡ. ತಿಂಡಿ, ಊಟ, ಟೀ ತಲೆಗೆ 350 ರೂಪಾಯಿ ಅಂದರೆ 14 ಸಾವಿರ. ಕ್ಯಾಮೆರಾ, ಲೆನ್ಸ್ ಬಾಡಿಗೆ 15 ಸಾವಿರ. ಲೈಟು, ಜನರೇಟರ್ 18 ಸಾವಿರ. ಗಾಡಿಗಳು, ಡೀಸೆಲ್ 12 ಸಾವಿರ. ಕಲಾವಿದರು, ತಂತ್ರಜ್ಞರ ದಿನಗೂಲಿ, ಬಾಟಾ (ದಿನದ ಭತ್ಯೆ) 45 ಸಾವಿರ. ಒಟ್ಟು 1 ಲಕ್ಷದ 4 ಸಾವಿರ. 25 ದಿನಕ್ಕೆ 26 ಲಕ್ಷ.

ಇದಕ್ಕೆ ಮೊದಲಿನ ತಯಾರಿ, ಸೆಟ್ಟು, ಬಟ್ಟೆ, ಮುಂಗಡಗಳಿಗೆ 10 ಲಕ್ಷ ಸೇರಿಸಿ. ಎಡಿಟಿಂಗ್, ಡಬ್ಬಿಂಗ್, ಸೌಂಡ್, ಸಂಗೀತ, ಕಲರ್ ಅಂತ 14 ಲಕ್ಷ. ಸಿನಿಮಾ ಕೈಗೆ ಬರುವಾಗ 50 ಲಕ್ಷ ಆಗಿರುತ್ತದೆ.

ಇಲ್ಲಿ ನಿರ್ದೇಶಕ, ನಿರ್ಮಾಪಕ ಒಬ್ಬರೇ ಆಗಿರುವ ಕಷ್ಟ ಕಾಣುತ್ತದೆ. ಸಂಜೆ ಬೆಟ್ಟದ ಹಿಂದೆ ಬೆಳಕು ಬೇಕಾದಂತೆ ಬರಲಿಲ್ಲ, ನಾಳೆ ಮತ್ತೆ ಬರೋಣ ಅನ್ನುತ್ತದೆ ನಿರ್ದೇಶಕರ ಮನಸ್ಸು. ನಿರ್ಮಾಪಕರ ತಲೆಗೆ ತಕ್ಷಣ 1 ಲಕ್ಷದ 4 ಸಾವಿರ ನೆನಪಾಗುತ್ತದೆ. ಬೇರೆ ಬೇರೆ ಜನರಾಗಿದ್ದರೆ ಜಗಳ ಆಡಿ ತೀರ್ಮಾನಕ್ಕೆ ಬರುತ್ತಾರೆ. ಒಬ್ಬರೇ ಆದಾಗ ಆ ಜಗಳ ಒಳಗೇ ನಡೆಯುತ್ತದೆ, ಸಾಮಾನ್ಯವಾಗಿ ನಿರ್ದೇಶಕರೇ ಗೆಲ್ಲುತ್ತಾರೆ. ಅದಕ್ಕೇ ಖರ್ಚಿಗೆ ‘ಇಲ್ಲ’ ಅನ್ನುವ ಅಧಿಕಾರ ಇರುವ ಒಬ್ಬ ಪ್ರೊಡಕ್ಷನ್ ಮ್ಯಾನೇಜರ್ ಸ್ವಂತ ನಿರ್ಮಾಣದಲ್ಲಿ ಬೇಕೇ ಬೇಕು. ಕ್ಯಾಮೆರಾಗಿಂತ ಮೊದಲು ಅವರನ್ನು ಹುಡುಕಿ ಅನ್ನುತ್ತೇನೆ ನಾನು.

ನಮ್ಮ ಜಿಲ್ಲೆಗಳಿಗೆ ಒಂದು ಅನುಕೂಲ ಇದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಬೆಂಗಳೂರಿನಿಂದ ಹೆಚ್ಚುಕಡಿಮೆ 60–70 ಕಿಲೋಮೀಟರ್. ಊರುಗಳ ಹತ್ತಿರವೇ ಶೂಟಿಂಗ್ ಇಟ್ಟುಕೊಂಡರೆ ತಂಡ ಬೆಳಗ್ಗೆ ಬಂದು ರಾತ್ರಿ ವಾಪಸ್ ಹೋಗಬಹುದು. ಲಾಡ್ಜ್ ಖರ್ಚು ಉಳಿಯುತ್ತದೆ. ಕೆಟ್ಟುಹೋದ ಲೆನ್ಸ್ ಬದಲಿಸಲು ಇಡೀ ದಿನ ಕಾಯಬೇಕಿಲ್ಲ. ಕಲ್ಲುಬಂಡೆ, ಒಣಗಿದ ಕೆರೆ, ತೆಂಗಿನ ತೋಟ, ರೇಷ್ಮೆ ಸಾಕುವ ಮನೆ, ಹಳೇ ಕೋಟೆ ಎಲ್ಲ ಕೈಗೆಟಕುವ ದೂರದಲ್ಲಿವೆ.

ಅನುಮತಿಗಳ ವಿಷಯಕ್ಕೆ ಬಂದರೆ ಸ್ವಲ್ಪ ನಿಧಾನಿಸಬೇಕು. ಆವಣಿಯ ರಾಮಲಿಂಗೇಶ್ವರ ಗುಡಿಗಳು, ನಂದಿಯ ಭೋಗನಂದೀಶ್ವರ ದೇವಸ್ಥಾನ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಪಂಚಾಯಿತಿಯವರು ‘ಮಾಡ್ಕೊಳ್ಳಿ’ ಅಂದರೆ ಸಾಲದು. ದೇವರಾಯನದುರ್ಗದ ಕಾಡಿಗೆ ಅರಣ್ಯ ಇಲಾಖೆಯನ್ನು ಕೇಳಬೇಕು. ಹೊಸಬರು ಎಡವುವುದು ಮಾತ್ರ ದನ, ಕುರಿ, ಕೋಳಿಯ ವಿಷಯದಲ್ಲಿ. ಹಳ್ಳಿ ಕಥೆ ಅಂದ ಮೇಲೆ ಎತ್ತು ಇರಲೇಬೇಕಲ್ಲ. ಪ್ರಾಣಿಗಳನ್ನು ನಟನೆಗೆ ಬಳಸಿದರೆ 2001ರ ನಿಯಮಗಳ ಪ್ರಕಾರ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮೊದಲೇ ತರಬೇಕು. ಅದಿಲ್ಲದೆ ಸೆನ್ಸಾರ್ ಹಂತದಲ್ಲಿ ಆ ದೃಶ್ಯವೇ ಕುತ್ತಿಗೆಗೆ ಬರುತ್ತದೆ. ಚೆನ್ನಾಗಿ ಬಂದ ದೃಶ್ಯವನ್ನು ಒಂದು ಕಾಗದ ಇಲ್ಲ ಅಂತ ಕತ್ತರಿಸಿ ಹಾಕಬೇಕಾದ ಸಂಕಟ ಯಾರಿಗೂ ಬೇಡ.

ಸೆನ್ಸಾರ್ ಬಗ್ಗೆ ಭಯ ಬೇಡ, ಸಮಯ ಇಟ್ಟುಕೊಳ್ಳಿ ಸಾಕು. ಶೀರ್ಷಿಕೆಯನ್ನು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಮೊದಲೇ ನೋಂದಾಯಿಸಿಕೊಳ್ಳಬೇಕು. ಸೆನ್ಸಾರ್ ಮಾಡುವ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲೇ ಇದೆ, ಅರ್ಜಿ ಆನ್‌ಲೈನ್. 2024ರ ಹೊಸ ನಿಯಮಗಳಿಂದ ‘ಯುಎ’ ದರ್ಜೆ (ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದದ್ದು) 7, 13, 16 ವರ್ಷ ಅಂತ ಮೂರು ಭಾಗವಾಗಿದೆ. ಬಿಡುಗಡೆಯ ದಿನಾಂಕವನ್ನು ಪೋಸ್ಟರ್ ಮೇಲೆ ಹಾಕಿ ಆಮೇಲೆ ಸೆನ್ಸಾರ್‌ಗೆ ಓಡುವ ಅಭ್ಯಾಸ ಬಿಟ್ಟರೆ ಅರ್ಧ ತಲೆನೋವು ಕಡಿಮೆ.

150 ರೂಪಾಯಿ ಟಿಕೆಟ್ಟಿನಲ್ಲಿ ನಿಮ್ಮದೆಷ್ಟು?

ಜನ ಸಿನಿಮಾದ ಗಳಿಕೆ ಅಂತ ಪೇಪರಿನಲ್ಲಿ ಓದುವ ಅಂಕಿಗೂ ನಿರ್ಮಾಪಕರ ಕೈಗೆ ಬರುವ ದುಡ್ಡಿಗೂ ಆಕಾಶ ಭೂಮಿಯ ಅಂತರ. ಒಂದು ಮಲ್ಟಿಪ್ಲೆಕ್ಸ್ ಟಿಕೆಟ್ 150 ರೂಪಾಯಿ ಅಂದುಕೊಳ್ಳಿ. 100 ರೂಪಾಯಿ ಮೀರಿದ ಟಿಕೆಟ್‌ಗೆ ಜಿಎಸ್‌ಟಿ ಶೇ 18. (2025ರ ಸೆಪ್ಟೆಂಬರ್‌ನಿಂದ 100 ರೂಪಾಯಿವರೆಗಿನ ಟಿಕೆಟ್‌ಗೆ ಶೇ 5 ಮಾತ್ರ.) ತೆರಿಗೆ ಕಳೆದರೆ ಉಳಿಯುವುದು ಸುಮಾರು 127. ಮೊದಲ ವಾರ ಥಿಯೇಟರ್‌ನವರಿಗೆ ಅರ್ಧ ಅಂದರೂ ನಿಮ್ಮ ಕಡೆಗೆ 63 ರೂಪಾಯಿ 50 ಪೈಸೆ. ವಿತರಕರ ಕಮಿಷನ್ ಶೇ 10 ಅಂದರೆ ಕೊನೆಗೆ 57 ರೂಪಾಯಿ ಚಿಲ್ಲರೆ. ಎರಡನೇ ವಾರದಿಂದ ನಿರ್ಮಾಪಕರ ಪಾಲು ಇನ್ನೂ ಇಳಿಯುತ್ತಾ ಹೋಗುತ್ತದೆ.

ಪೋಸ್ಟರ್, ಟ್ರೇಲರ್, ಪ್ರಚಾರ, ಡಿಜಿಟಲ್ ಪ್ರದರ್ಶನದ ಶುಲ್ಕ ಸೇರಿ ಬಿಡುಗಡೆಗೆ 15 ಲಕ್ಷ ಹಿಡಿಯಿರಿ. ಒಟ್ಟು ಹೂಡಿಕೆ 65 ಲಕ್ಷ. ಅಸಲು ಹುಟ್ಟಬೇಕಾದರೆ ಸುಮಾರು 1 ಲಕ್ಷದ 14 ಸಾವಿರ ಟಿಕೆಟ್ ಮಾರಬೇಕು. ಸಂಜೆ ಬೆಳಕಿಗಾಗಿ ಆವಣಿಯಲ್ಲಿ ಜಾಸ್ತಿ ಕಳೆದ ಆ ಒಂದು ದಿನಕ್ಕೆ ಬೇರೆಯಾಗಿ ಸುಮಾರು 1,800 ಟಿಕೆಟ್.

ಈಗ ತೆರೆ ಕಡೆಯಿಂದ ನೋಡಿ. 40 ಪರದೆ ಸಿಕ್ಕಿತು, ಪ್ರತಿ ಪರದೆಯಲ್ಲಿ 200 ಸೀಟು, ದಿನಕ್ಕೆ 3 ಆಟ, ಶೇ 15 ಸೀಟು ತುಂಬಿತು. ಹೊಸಬರ ಸಿನಿಮಾಗೆ ಇದೇನು ಕೆಟ್ಟ ಆರಂಭ ಅಲ್ಲ. ಒಂದು ವಾರಕ್ಕೆ 25,200 ಟಿಕೆಟ್. ನಿಮ್ಮ ಪಾಲು 14 ಲಕ್ಷದ 40 ಸಾವಿರದ ಹತ್ತಿರ. ಬಿಡುಗಡೆಗೆ ಅಂತ ಹಾಕಿದ 15 ಲಕ್ಷವೂ ಪೂರ್ತಿ ವಾಪಸ್ ಬರಲಿಲ್ಲ. ಮೇಲಾಗಿ ಸಣ್ಣ ಸಿನಿಮಾಗೆ ಸೋಮವಾರದ ಹೊತ್ತಿಗೆ 3 ಆಟ 1 ಆಗಿರುತ್ತದೆ, ಅದೂ ಬೆಳಗಿನ 10 ಗಂಟೆಗೆ. ಬಾಯಿಮಾತಿನಿಂದ ಜನ ಬರುವ ಹೊತ್ತಿಗೆ ಸಿನಿಮಾ ಥಿಯೇಟರ್‌ನಲ್ಲೇ ಇರುವುದಿಲ್ಲ. ಕೋಲಾರದ ಎಪಿಎಂಸಿಗೆ ಟೊಮೆಟೊ ತಂದ ರೈತರ ಪರಿಸ್ಥಿತಿಯೇ ಇದು: ಇಡೀ ಬೆಳೆಗೆ ಸುರಿದ ದುಡ್ಡಿನ ತೀರ್ಪು ಒಂದು ಬೆಳಗ್ಗೆ ಆಗಿಹೋಗುತ್ತದೆ, ಇಟ್ಟುಕೊಂಡು ಕಾಯುವ ಹಾಗಿಲ್ಲ.

ಒಂದೇ ಪರದೆಯ ಹಳೇ ಟಾಕೀಸ್‌ಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಎಷ್ಟೋ ಕಡೆ ವಾರದ ಬಾಡಿಗೆ ಪದ್ಧತಿ. ಜನ ಬರಲಿ ಬಿಡಲಿ, ಬಾಡಿಗೆ ನಿರ್ಮಾಪಕರ ತಲೆ ಮೇಲೆ. ಸಿನಿಮಾ ಓಡಿದರೆ ಈ ಪದ್ಧತಿ ಲಾಭ, ಓಡದಿದ್ದರೆ ಗಳಿಕೆ ಸೊನ್ನೆ ಆಗಿ ನಿಲ್ಲುವುದಿಲ್ಲ, ಇನ್ನೂ ಕೆಳಗೆ ಇಳಿಯುತ್ತದೆ.

ನಮ್ಮ ಗಡಿ ಊರುಗಳಲ್ಲಿ ಇನ್ನೊಂದು ಸಂಗತಿ ಇದೆ. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿ ಕಡೆ ಮನೆಮಾತು ತೆಲುಗು ಇರುವವರು ಬಹಳ. ದೊಡ್ಡ ತೆಲುಗು ಸಿನಿಮಾ ಬಂದ ಶುಕ್ರವಾರ ಅಲ್ಲಿನ ಟಾಕೀಸ್‌ಗೆ ಅದೇ ಹಬ್ಬ. ಅವತ್ತು ಹೊಸಬರ ಕನ್ನಡ ಸಿನಿಮಾಗೆ ಪರದೆ ಹುಡುಕುವುದೇ ಕಷ್ಟ. ಇದಕ್ಕೆ ಬೇಜಾರು ಮಾಡಿಕೊಂಡು ಪ್ರಯೋಜನ ಇಲ್ಲ, ದಿನಾಂಕ ಇಡುವಾಗ ಪಕ್ಕದ ರಾಜ್ಯದ ಪಟ್ಟಿಯನ್ನೂ ನೋಡಬೇಕು. ಅದೇ ಹೊತ್ತಿಗೆ ಆ ಊರುಗಳ ಎರಡು ಭಾಷೆ ಬೆರೆತ ಮಾತು ಕನ್ನಡ ತೆರೆಯ ಮೇಲೆ ಬಂದಿರುವುದು ತೀರಾ ಕಡಿಮೆ. ಅದನ್ನು ಹಾಸ್ಯಕ್ಕೆ ಬಳಸದೆ, ಬದುಕಿನ ಮಾತಾಗಿ ಬಳಸಿದ ಸಿನಿಮಾ ಬಂದರೆ ಆ ಜನ ತಮ್ಮದು ಅಂತ ನೋಡುತ್ತಾರೆ ಅನ್ನುವ ನಂಬಿಕೆ ನನ್ನದು.

ಥಿಯೇಟರ್‌ಗಿಂತ ಮೊದಲು, ಥಿಯೇಟರ್ ಆದಮೇಲೆ

ಸಣ್ಣ ಸಿನಿಮಾಗಳು ಚಿತ್ರೋತ್ಸವದ ದಾರಿ ಹಿಡಿಯುವುದು ಪ್ರಶಸ್ತಿಯ ಆಸೆಗೆ ಮಾತ್ರ ಅಲ್ಲ. ಉತ್ಸವದಲ್ಲಿ ಸಿಕ್ಕ ಹೆಸರೇ ಮುಂದೆ ಪ್ರಚಾರದ ಖರ್ಚು ಉಳಿಸುತ್ತದೆ, ಖರೀದಿದಾರರ ಬಾಗಿಲು ತೆರೆಸುತ್ತದೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಊರವರನ್ನೇ ಪಾತ್ರ ಮಾಡಿಸಿ ತೆಗೆದ ‘ತಿಥಿ’ 2015ರ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ನಮ್ಮ ಥಿಯೇಟರ್‌ಗೆ ಬಂದದ್ದು 2016ರ ಮೇನಲ್ಲಿ. ‘ಶಿವಮ್ಮ ಯರೇಹಂಚಿನಾಳ’ 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಉತ್ಸವದಲ್ಲಿ ಪ್ರಶಸ್ತಿ ಪಡೆದು, 2024ರಲ್ಲಿ ಇಲ್ಲಿ ಬಿಡುಗಡೆಯಾಯಿತು. ನಡುವಿನ ಆ ಅಂತರ ಗಮನಿಸಿ. ಶೂಟಿಂಗ್‌ಗೆ ಹಾಕಿದ ದುಡ್ಡು ಅಷ್ಟು ಕಾಲ ಅಲ್ಲೇ ಕೂತಿರುತ್ತದೆ. ಅದಕ್ಕೇ ಉತ್ಸವದ ದಾರಿಗೂ ಬಡ್ಡಿ ದುಡ್ಡಿಗೂ ಆಗಿಬರುವುದಿಲ್ಲ.

ಆ ಹೊತ್ತಿನಲ್ಲಿ ಬದುಕುವುದು ಹೇಗೆ? ಜಾಹೀರಾತು, ಇಲಾಖೆಗಳ ಸಾಕ್ಷ್ಯಚಿತ್ರ, ಕಂಪನಿಗಳ ವೀಡಿಯೊ, ಧಾರಾವಾಹಿಯ ಕಂತು, ಬೇರೆಯವರ ಸಿನಿಮಾಗೆ ಸಂಭಾಷಣೆ, ಪಾಠ. ಇದನ್ನು ಯಾರೂ ಕೀಳಾಗಿ ನೋಡಬೇಕಿಲ್ಲ. ಶಿರಾ ತಾಲ್ಲೂಕಿನ ಬರಗೂರಿನವರಾದ ಬರಗೂರು ರಾಮಚಂದ್ರಪ್ಪನವರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪಾಠ ಮಾಡುತ್ತಲೇ ಸಾಹಿತ್ಯವನ್ನೂ ಬರೆದರು, ಸಿನಿಮಾಗಳನ್ನೂ ನಿರ್ದೇಶಿಸಿದರು. ತಿಂಗಳ ಸಂಬಳ ಇದ್ದರೆ ತನಗೆ ಬೇಕಾದ ಕಥೆಗೆ ಅಂಟಿಕೊಳ್ಳುವ ಧೈರ್ಯ ಬರುತ್ತದೆ. ಪೂರ್ತಿ ಸಿನಿಮಾದಿಂದಲೇ ಊಟ ಆಗಬೇಕು ಅಂತ ಹಟ ಹಿಡಿದರೆ, ಎರಡನೇ ಸಿನಿಮಾದ ಕಥೆಯನ್ನು ಸಾಲ ಕೊಟ್ಟವರು ಆರಿಸುತ್ತಾರೆ.

ಕೊನೆಯ ದಾರಿ ಒಟಿಟಿ, ಟಿವಿ, ಡಬ್ಬಿಂಗ್, ರೀಮೇಕ್ ಹಕ್ಕುಗಳದು. ಕೆಲವು ವರ್ಷಗಳ ಹಿಂದೆ ವೇದಿಕೆಗಳು ಒಂದಿಷ್ಟು ದುಡ್ಡು ಕೊಟ್ಟು ನೇರವಾಗಿ ಕೊಂಡುಕೊಳ್ಳುತ್ತಿದ್ದವು. ಈಗ ಹೊಸಬರ ಕನ್ನಡ ಸಿನಿಮಾಗಳಿಗೆ ‘ಹಾಕಿ, ಜನ ಎಷ್ಟು ನೋಡುತ್ತಾರೋ ಅದರಲ್ಲಿ ಪಾಲು ಕೊಡುತ್ತೇವೆ’ ಅನ್ನುವ ಒಪ್ಪಂದವೇ ಹೆಚ್ಚು. 2025ರ ರಾಜ್ಯ ಬಜೆಟ್‌ನಲ್ಲಿ ಕನ್ನಡ ಸಿನಿಮಾಗಳಿಗೆ ಸರ್ಕಾರವೇ ಒಂದು ಒಟಿಟಿ ವೇದಿಕೆ ಮಾಡುವುದಾಗಿಯೂ, ಚಿತ್ರರಂಗಕ್ಕೆ ಉದ್ಯಮದ ಸ್ಥಾನಮಾನ ಕೊಡುವುದಾಗಿಯೂ ಹೇಳಿತು. ಎರಡೂ ಸರಿಯಾಗಿ ಜಾರಿಯಾದರೆ ಸಣ್ಣ ನಿರ್ಮಾಪಕರಿಗೇ ಅನುಕೂಲ ಜಾಸ್ತಿ.

ಈ ಹಂತದಲ್ಲಿ ಸಹಿ ಹಾಕುವ ಕಾಗದ ಇಡೀ ವೃತ್ತಿಯ ದಿಕ್ಕನ್ನೇ ಬದಲಿಸಬಹುದು. ಸಾಲ ಕುತ್ತಿಗೆಗೆ ಬಂದಿರುತ್ತದೆ, ಯಾರೋ 8 ಲಕ್ಷ ಕೊಡುತ್ತೇವೆ ಅನ್ನುತ್ತಾರೆ. ಒಪ್ಪಂದದಲ್ಲಿ ‘ಎಲ್ಲ ಹಕ್ಕುಗಳು, ಎಲ್ಲ ಭಾಷೆಗಳಿಗೆ, ಪ್ರಪಂಚದಾದ್ಯಂತ, ಶಾಶ್ವತವಾಗಿ’ ಅಂತ ಒಂದು ಸಾಲು ಇರುತ್ತದೆ. ಅದನ್ನು ಓದದೆ ಸಹಿ ಹಾಕಿದರೆ 60 ವರ್ಷದ ಒಡೆತನ ಅಲ್ಲಿಗೆ ಮುಗಿಯಿತು. ಹಕ್ಕುಗಳನ್ನು ಬಿಡಿಬಿಡಿಯಾಗಿ ಕೊಡಿ. ಟಿವಿಗೆ ಬೇರೆ, ಒಟಿಟಿಗೆ ಬೇರೆ, ಹಿಂದಿ ಡಬ್ಬಿಂಗ್‌ಗೆ ಬೇರೆ, ರೀಮೇಕ್‌ಗೆ ಬೇರೆ. ಪ್ರತಿಯೊಂದಕ್ಕೂ ಅವಧಿ ಬರೆಸಿ, ಪ್ರದೇಶ ಬರೆಸಿ. ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆಯ ಕಾಗದದಲ್ಲಿ ಅವಧಿ ಹೇಳದಿದ್ದರೆ ಅದು 5 ವರ್ಷ ಅಂತಲೇ ಅರ್ಥ. ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರ. ಕೊಳ್ಳುವವರಿಗೆ ಇದು ಚೆನ್ನಾಗಿ ಗೊತ್ತು, ಅದಕ್ಕೇ ‘ಶಾಶ್ವತವಾಗಿ’ ಅನ್ನುವುದನ್ನು ಅವರು ಮರೆಯದೆ ಬರೆಸುತ್ತಾರೆ. ಹಾಡುಗಳ ವಿಷಯದಲ್ಲೂ ಎಚ್ಚರ ಇರಲಿ. 2012ರ ತಿದ್ದುಪಡಿಯಾದ ಮೇಲೆ ಗೀತರಚನೆಕಾರರ, ಸಂಗೀತ ನಿರ್ದೇಶಕರ ರಾಯಲ್ಟಿ ಪಾಲನ್ನು ನಿರ್ಮಾಪಕರು ಪೂರ್ತಿ ಬರೆಸಿಕೊಳ್ಳಲು ಬರುವುದಿಲ್ಲ.

ವಕೀಲರಿಗೆ ಕೊಡುವ ಫೀಸನ್ನು ಬಜೆಟ್‌ನಲ್ಲೇ ಇಟ್ಟುಕೊಳ್ಳಿ, ಊಟದ ಖರ್ಚಿನ ಪಕ್ಕದಲ್ಲೇ ಬರೆಯಿರಿ. 3 ವರ್ಷಕ್ಕೆ ಅಂತ ಕೊಟ್ಟ ಒಟಿಟಿ ಹಕ್ಕು 4ನೇ ವರ್ಷ ವಾಪಸ್ ಬಂದಾಗ ಅದನ್ನು ಇನ್ನೊಂದು ಕಡೆ ಕೊಡಬಹುದು. ಅಷ್ಟರಲ್ಲಿ ಎರಡನೇ ಸಿನಿಮಾ ಬಂದಿದ್ದರೆ ಮೊದಲನೆಯದಕ್ಕೂ ಹೊಸ ನೋಡುಗರು ಸಿಗುತ್ತಾರೆ, ಅದರ ದುಡ್ಡೂ ನಿಮ್ಮ ಖಾತೆಗೇ ಬರುತ್ತದೆ.